ಬೇಳೆಯ ಊರು ಯಾವದು?

ಸನ್ 2022ರ ಫೆಬ್ರುವರಿ 24ರಂದು ರಶಿಯದ ಸೇನೆಯು ಉಕ್ರೇನ ದೇಶದೊಳಗೆ ನುಗ್ಗಿತು. ಅದಾದ ಕೆಲವೇ ವಾರಗಳಲ್ಲಿ ಹುಬ್ಬಳ್ಳಿ-ಧಾರವಾಡಗಳ ಅಂಗಡಿಗಳಲ್ಲಿ ಸೂರ್ಯಕಾಂತಿ ಎಣ್ಣೆಯು ತುಟ್ಟಿಯಾಗಿ ಗೃಹಿಣಿಯರನ್ನು ಕಂಗೆಡಿಸಿದ್ದು ನಮ್ಮ ವಾಚಕರ ನೆನಪಿನಲ್ಲಿ ಇನ್ನೂ ಇರಬಹುದು. ಆ ಬಿಸಿಯು ಆರುವ ಮೊದಲೇ, ಎಪ್ರಿಲ 28ರಿಂದ ಇಂಡೋನೇಶಿಯದ ಸರಕಾರವು ತಾಳೆ ಎಣ್ಣೆಯು ತನ್ನ ಬಂದರುಗಳನ್ನು ಬಿಟ್ಟು ಹೊರಗೆ ಹೋಗಕೂಡದೆಂದು ನಿರ್ಬಂಧ ಹಾಕಿ, ಮೇ 23ರ ವರೆಗೆ ಅದನ್ನು ನಡೆಯಿಸಿತು. ಕೀವ ಪಟ್ಟಣದಲ್ಲಿ ಗುಂಡು ಹಾರಿದರೆ ಕೇಶ್ವಾಪುರದ ಒಗ್ಗರಣೆಗೆ ಏಕೆ ಬಿಸಿ ತಟ್ಟಬೇಕು, ಜಾಕಾರ್ತಾದಲ್ಲಿ ಹುಕುಮು ಹೊರಟರೆ ದುರ್ಗದಬೈಲಿನ ಮಿರ್ಚಿಯ ಬಾಣಲೆಯು ಏಕೆ ನಡುಗಬೇಕು ಎಂದು ಜನರು ಆಗ ಆಶ್ಚರ್ಯಪಟ್ಟರು. ತಮ್ಮ ಅಡಿಗೆಮನೆಯ ಭೂಗೋಲವನ್ನು ಅವರು ಕಲಿತದ್ದು ಯುದ್ಧದ ಸುದ್ದಿಯಿಂದ. ದಿನಾಲು ಕೈಯಲ್ಲಿ ಹಿಡಿಯುವ ಎಣ್ಣೆಯ ಪಾಕೀಟು ಅದನ್ನು ಅವರಿಗೆ ಒಂದು ದಿನವೂ ಹೇಳಿರಲಿಲ್ಲ.

ಈಗಲಾದರೂ ಹೇಳುತ್ತಿರುವದೋ ಎಂಬುದನ್ನು ನೋಡಲೆಂದು ನಾವು ಕಳೆದ ವಾರ ಗೋಕುಲ ರಸ್ತೆಯ ಒಂದು ದೊಡ್ಡ ಅಂಗಡಿಗೆ ಹೋಗಿದ್ದೆವು. (ಧಾರವಾಡದವರಿಗೆ ಸೂಪರ್ ಮಾರ್ಕೆಟ್ಟೆಂದರೆ ಕಾಯಿಪಲ್ಯದ ಪೇಟೆಯೇ ಮೊದಲು ನೆನಪಾಗುವದು. ನಾವು ಇಲ್ಲಿ ಹೇಳುವದು ಆ ಪೇಟೆಯ ಮಾತಲ್ಲ. ಗಿರಾಕಿಯು ತಾನೇ ಬುಟ್ಟಿ ಹಿಡಿದು ತಿರುಗಿ, ತಾನೇ ಆರಿಸಿ, ಕೊನೆಗೆ ಬಾಗಿಲಲ್ಲಿ ಹಣ ಕೊಡುವ ಹೊಸ ಮಾದರಿಯ ಅಂಗಡಿಗಳ ಮಾತು.) ಬದಾಮಿಯ ಪೊಟ್ಟಣದ ಮೇಲೆ ಕ್ಯಾಲಿಫೋರ್ನಿಯಾದ ಹೆಸರು ಮಾರಿನಾಚೆಯಿಂದ ಕಾಣುವಷ್ಟು ದಪ್ಪ ಅಕ್ಷರಗಳಲ್ಲಿದ್ದಿತು. ಆಲಿವ್ ಎಣ್ಣೆಯ ಶೀಶೆಯು ತಾನು ಸ್ಪೇನ ದೇಶದ್ದೆಂದು ಎದೆ ತಟ್ಟಿ ಹೇಳುತ್ತಿದ್ದಿತು. ಅದೇ ಸಾಲಿನಲ್ಲಿ ಮುಂದೆ ನಡೆದು ಸೂರ್ಯಕಾಂತಿ ಎಣ್ಣೆಯ ಪಾಕೀಟನ್ನು ಕೈಗೆತ್ತಿಕೊಂಡರೆ, ಮುಂಬದಿಯಲ್ಲಿ ನಗುವ ಹಳದಿ ಹೂವು; ಹಿಂಬದಿಯಲ್ಲಿ ಎಳ್ಳಿಗಿಂತ ಸಣ್ಣ ಅಕ್ಷರಗಳಲ್ಲಿ ಕಾರಖಾನೆಯ ವಿಳಾಸ, ಆಹಾರ ಇಲಾಖೆಯ ಪರವಾನಿಗೆಯ ಹದಿನಾಲ್ಕು ಅಂಕೆಗಳು, ತೂಕ, ತಾರೀಖು, ಬೆಲೆ. ಹೂವು ಅರಳಿದ ಹೊಲವು ಯಾವ ದೇಶದ್ದೆಂಬ ಮಾತು ಮಾತ್ರ ಎಲ್ಲಿಯೂ ಇಲ್ಲ. ತೊಗರಿಬೇಳೆಯ ಪೊಟ್ಟಣದ ಮೇಲೂ ಅದೇ ಕಥೆ. ಅಲ್ಲಿ ಸಾಮಾನು ಜೋಡಿಸುತ್ತಿದ್ದ ಹುಡುಗನನ್ನು, "ಏನಪಾ, ಈ ಬ್ಯಾಳಿ ಎಲ್ಲೀದು?" ಎಂದು ಕೇಳಿದೆವು. "ಬೆಂಗಳೂರಿಂದ ಬರತೈತ್ರಿ ಸರ್" ಎಂದನು. ಅವನು ಸುಳ್ಳು ಹೇಳಲಿಲ್ಲ. ಪೊಟ್ಟಣವು ಅವನಿಗೆ ಹೇಳಿದ್ದನ್ನೇ ನಮಗೆ ಹೇಳಿದನು. ಬೆಂಗಳೂರು ಆ ಬೇಳೆಯನ್ನು ಚೀಲದಿಂದ ಪೊಟ್ಟಣಕ್ಕೆ ತುಂಬಿದ ಊರು. ಬೆಳೆದ ಊರು ಕಲಬುರ್ಗಿಯೋ, ಆಫ್ರಿಕೆಯ ಮೊಝಾಂಬಿಕವೋ, ಬ್ರಹ್ಮದೇಶವೋ ಅದನ್ನು ದೇವರೇ ಬಲ್ಲ. ಅಥವಾ ಅಡತಿಯವನು ಬಲ್ಲ.

ಇದಕ್ಕೆ ಕಾಯದೆಯೇ ಇಲ್ಲವೆಂದು ಯಾರೂ ತಿಳಿಯಬಾರದು. 2009ರ ಕಾನೂನು ಮಾಪನ ಶಾಸ್ತ್ರದ ಕಾಯದೆಯ ಮೇರೆಗೆ 2011ರಲ್ಲಿ ಪೊಟ್ಟಣದ ಸರಕುಗಳ ನಿಯಮಗಳು ಜಾರಿಗೆ ಬಂದವು. ತಯಾರಿಸಿದವರು, ತುಂಬಿದವರು ಅಥವಾ ಆಮದು ಮಾಡಿದವರ ಹೆಸರು-ವಿಳಾಸ, ಸರಕಿನ ಹೆಸರು, ತೂಕ, ತಿಂಗಳು-ವರ್ಷ, ಗರಿಷ್ಠ ಬೆಲೆ ಇವಿಷ್ಟನ್ನೂ ಪ್ರತಿಯೊಂದು ಪೊಟ್ಟಣವು ಹೊತ್ತಿರಬೇಕು. 2018ರ ಜನೇವರಿ 1ರಿಂದ ಆಮದಾದ ಸರಕಿನ ಮೇಲೆ ಮೂಲದೇಶದ ಹೆಸರನ್ನೂ ಹಾಕಬೇಕೆಂದು ನಿಯಮವನ್ನು ತಿದ್ದಲಾಯಿತು. 2020ರಲ್ಲಿ, ಗಡಿಯಲ್ಲಿ ಚೀನದೊಡನೆ ಘರ್ಷಣೆ ನಡೆದ ವರ್ಷ, ಅಂತರ್ಜಾಲದ ಮೂಲಕ ಮಾರುವವರಿಗೂ ಈ ಹೊಣೆಯನ್ನು ಇನ್ನಷ್ಟು ಸ್ಪಷ್ಟವಾಗಿ ಹೊರಿಸಲಾಯಿತು. ಹೀಗಿರಲು ನಮ್ಮ ಎಣ್ಣೆಯ ಪಾಕೀಟು ಬಾಯಿ ಮುಚ್ಚಿಕೊಂಡಿರುವದು ಹೇಗೆ?

ಅದರ ಗುಟ್ಟು ಆಹಾರದ ಚೀಟಿಗಳನ್ನು ಕುರಿತ ನಿಯಮಗಳಲ್ಲಿಯೇ ಇರುವದು. ಒಂದು ಆಹಾರವು ಎರಡನೆಯ ದೇಶದಲ್ಲಿ ತನ್ನ ಸ್ವರೂಪವು ಬದಲಾಗುವಂಥ ಸಂಸ್ಕಾರವನ್ನು ಹೊಂದಿದರೆ, ಆ ಸಂಸ್ಕಾರ ನಡೆದ ದೇಶವನ್ನೇ ಅದರ ಮೂಲದೇಶವೆಂದು ಎಣಿಸತಕ್ಕದ್ದು ಎಂದು ಅಲ್ಲಿ ಹೇಳಿದೆ. ಈ ಮಾತನ್ನು ನಮ್ಮ ಸರಕಾರವು ಹೊಸದಾಗಿ ಕಟ್ಟಿದ್ದಲ್ಲ. ಜಗತ್ತಿನ ಆಹಾರ ನಿಯಮಾವಳಿಯಲ್ಲಿಯೂ ಅದು ಹಾಗೆಯೇ ಇದೆ. ಹಡಗುಗಟ್ಟಲೆ ಕಚ್ಚಾ ಎಣ್ಣೆಯು ಮಂಗಳೂರಿನಂಥ ಬಂದರುಗಳಿಗೆ ಬಂದು ಇಳಿಯುವದು. ದಂಡೆಯ ಕಾರಖಾನೆಗಳಲ್ಲಿ ಅದರ ಬಣ್ಣ, ವಾಸನೆ, ಜಿಗುಟುಗಳನ್ನು ಕಳೆದು ಶುದ್ಧಿ ಮಾಡುವರು. ಈ ಒಂದು ಸ್ನಾನದಿಂದ ಸುಮಾತ್ರದಲ್ಲಿ ಹುಟ್ಟಿದ್ದು ಭಾರತದ್ದೆನಿಸಿಕೊಳ್ಳಬಲ್ಲದು. ದ್ವಿಜತ್ವವು ಇಷ್ಟು ಸುಲಭವಾಗಿ ಮನುಷ್ಯರಿಗೂ ದೊರೆಯುವದಿಲ್ಲ!

ಇದರಲ್ಲಿ ಕೆಡುವದೇನು ಎಂದು ಕೇಳುವವರಿಗೆ ನಾವು ಎರೆಭೂಮಿಯ ಇತಿಹಾಸವನ್ನು ಸ್ವಲ್ಪ ನೆನಪು ಮಾಡಿಕೊಡಬೇಕಾಗಿದೆ. ಧಾರವಾಡ, ಗದಗ, ಕೊಪ್ಪಳ, ರಾಯಚೂರುಗಳ ಕಡೆಗೆ ನಮ್ಮ ರೈತರು ಸೂರ್ಯಪಾನವೆಂದು ಕರೆಯುವ ಈ ಬೆಳೆಯು ಒಂದು ಕಾಲಕ್ಕೆ ಮೈಲುಗಟ್ಟಲೆ ಹಳದಿಯಾಗಿ ಹಬ್ಬಿತ್ತು. ದೇಶದ ಸೂರ್ಯಕಾಂತಿಯಲ್ಲಿ ಕರ್ನಾಟಕದ್ದೇ ಮೊದಲ ಪಾಲು. 1986ರಲ್ಲಿ ಎಣ್ಣೆಕಾಳುಗಳ ತಾಂತ್ರಿಕ ಯೋಜನೆಯು ಆರಂಭವಾದ ಮೇಲೆ 1990ರ ದಶಕದ ಮೊದಲಲ್ಲಿ ದೇಶದಲ್ಲಿ ಸೂರ್ಯಕಾಂತಿಯ ಕ್ಷೇತ್ರವು 20 ಲಕ್ಷ ಹೆಕ್ಟೇರನ್ನು ಮೀರಿತು. ತಿನ್ನುವ ಎಣ್ಣೆಗೆ ನಾವು ಪರರ ಕೈ ನೋಡಬೇಕಾದ ಪ್ರಮಾಣವು ತೀರ ಅಲ್ಪವಾಯಿತು. 1994ರಲ್ಲಿ ಪಾಮೋಲಿನ್ನಿನ ಆಮದಿಗೆ ಬಾಗಿಲು ತೆರೆಯಿತು. ಮುಂದೆ ಸುಂಕಗಳು ಏರಿಳಿದವು, ಬಾಗಿಲು ಮುಚ್ಚಲಿಲ್ಲ. ಇಂದು ಆ ಸೂರ್ಯಕಾಂತಿಯ ಕ್ಷೇತ್ರದಲ್ಲಿ ಕಾಲುಭಾಗವೂ ಉಳಿದಿಲ್ಲ. ನಾವು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ವರ್ಷಕ್ಕೆ ಸುಮಾರು 160 ಲಕ್ಷ ಟನ್ನು. ಇಂಡೋನೇಶಿಯ, ಮಲೇಶಿಯಗಳಿಂದ ತಾಳೆ. ಅರ್ಜೆಂಟಿನ, ಬ್ರಾಝಿಲಗಳಿಂದ ಸೋಯಾ. ರಶಿಯ, ಉಕ್ರೇನಗಳಿಂದ ಸೂರ್ಯಕಾಂತಿ. ರೋಗ, ಹಕ್ಕಿಗಳ ಕಾಟ, ಇಳುವರಿಯ ಕೊರತೆ ಇವೂ ಈ ಇಳಿತಕ್ಕೆ ಕಾರಣಗಳೆಂಬುದನ್ನು ನಾವು ಒಪ್ಪುತ್ತೇವೆ; ಎಲ್ಲ ಪಾಪವನ್ನೂ ಹಡಗಿನ ಮೇಲೆ ಹೊರಿಸುವದು ನ್ಯಾಯವಾಗದು. ಆದರೆ ಹೂವಿನ ಚಿತ್ರವನ್ನು ನೋಡಿ ತನ್ನ ಸೀಮೆಯ ರೈತನ ಎಣ್ಣೆಯನ್ನೇ ಕೊಂಡೆನೆಂದು ತಿಳಿದ ಗೃಹಿಣಿಗೆ, ಅವಳು ಕೊಂಡದ್ದು ಯಾವದೆಂದು ತಿಳಿಯುವ ಅಧಿಕಾರವಿಲ್ಲವೆ? ತಿಳಿದ ಮೇಲೆ ಅವಳು ಏನು ಮಾಡುವಳೆಂಬುದು ಅವಳಿಗೆ ಬಿಟ್ಟ ಮಾತು.

ಕಾಳುಗಳ ವಿಷಯವೂ ಇದಕ್ಕಿಂತ ಬೇರೆಯಲ್ಲ. 2016ರಲ್ಲಿ ನಮ್ಮ ಸರಕಾರವು ಮೊಝಾಂಬಿಕದೊಡನೆ ತೊಗರಿಯ ಒಪ್ಪಂದವನ್ನು ಮಾಡಿಕೊಂಡಿತು. 2021ರ ಮೇ ತಿಂಗಳಿನಲ್ಲಿ ತೊಗರಿಯ ಆಮದಿನ ಮೇಲಿನ ಮಿತಿಯನ್ನು ತೆಗೆಯಲಾಯಿತು. 2023ರ ಡಿಸೆಂಬರದಲ್ಲಿ ಹಳದಿ ಬಟಾಣಿಗೆ ಸುಂಕವಿಲ್ಲದ ದಾರಿ ತೆರೆದು, 2025ರ ನವೆಂಬರದಿಂದ ಅದರ ಮೇಲೆ ಪ್ರತಿಶತ 30ರ ಸುಂಕವನ್ನು ಕೂಡ್ರಿಸಿದರು. 2024-25ರಲ್ಲಿ ದೇಶಕ್ಕೆ ಬಂದ ಬೇಳೆಕಾಳುಗಳು 70 ಲಕ್ಷ ಟನ್ನನ್ನು ಮೀರಿದವು. ಕೆನಡ, ರಶಿಯಗಳ ಈ ಬಟಾಣಿಯು ಕಡಲೆಗಿಂತ ಅಗ್ಗವಾದುದರಿಂದ ಅದರ ಹಿಟ್ಟನ್ನು ಕಡಲೆಹಿಟ್ಟಿಗೆ ಬೆರಸುವ ಚಾಳಿಯು ವ್ಯಾಪಾರದಲ್ಲಿ ಗೊತ್ತಿದ್ದದ್ದೇ. ಸಂಜೆಯ ಹೊತ್ತು ನಾವು ಗಿರಮಿಟ್ಟಿನ ತಟ್ಟೆಯನ್ನು ಹಿಡಿದು ಕೂತಾಗ, ಅದರ ಬದಿಗಿರುವ ಮಿರ್ಚಿಯಲ್ಲಿ ಮೆಣಸಿನಕಾಯಿ ಒಂದನ್ನು ಬಿಟ್ಟರೆ ಉಳಿದುದೆಲ್ಲ ಸಮುದ್ರಯಾನ ಮಾಡಿ ಬಂದದ್ದಾಗಿದ್ದರೂ ಆಗಿರಬಹುದು. ರುಚಿಗೆ ಕುಂದಿಲ್ಲ; ನಾವೂ ಬಿಡುವದಿಲ್ಲ.

ಆದರೆ ಅಮರಗೋಳದ ಮಾರುಕಟ್ಟೆಯಲ್ಲಿ ತನ್ನ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ ನವಲಗುಂದದ, ಕುಂದಗೋಳದ ಒಕ್ಕಲಿಗನನ್ನು ನೆನೆಯಿರಿ. ಸುಗ್ಗಿಯ ಹೊತ್ತಿಗೆ ಸರಿಯಾಗಿ ಹೊರಗಿನ ಕಾಳು ಬಂದಿಳಿದರೆ ಅವನ ಧಾರಣೆಯು ಕುಸಿಯುವದು. ಅವನ ಕಾಳಿಗೆ ಎರಡು ರೂಪಾಯಿ ಹೆಚ್ಚು ಕೊಡಲು ಸಿದ್ಧನಿರುವ ಗಿರಾಕಿಯೊಬ್ಬನು ವಿದ್ಯಾನಗರದಲ್ಲಿ ಇದ್ದರೂ ಇದ್ದಾನು. ಅವರಿಬ್ಬರನ್ನೂ ಕೂಡಿಸುವ ಒಂದು ಸಾಲು ಪೊಟ್ಟಣದ ಮೇಲೆ ಇಲ್ಲ. ಭೂಗೋಲ ಸೂಚಿಯ ಗುರುತು ಪಡೆದ ಸರಕುಗಳು ನಮ್ಮಲ್ಲಿ ಇಲ್ಲದೆ ಇಲ್ಲ: ಧಾರವಾಡದ ಪೇಢೆಗೆ 2007ರಲ್ಲಿ, ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ, ಕಲಬುರ್ಗಿಯ ತೊಗರಿಗೆ 2019ರಲ್ಲಿ ಅದು ದೊರೆತಿದೆ. ಹೆಸರಾದ ಸರಕಿಗೆ ಅದು ನೆರವು. ಹೆಸರಿಲ್ಲದ ಹೆಸರುಕಾಳಿಗೆ ಅದರಿಂದ ಏನು?

ಪೊಟ್ಟಣದಲ್ಲಿರದೆ ಬಿಡಿಯಾಗಿ ಮಾರುವ ಸರಕಿಗಂತೂ ಪೊಟ್ಟಣದ ನಿಯಮಗಳು ಅನ್ವಯಿಸುವ ಪ್ರಶ್ನೆಯೇ ಇಲ್ಲ. ಸೇಬಿನ ಗುಡ್ಡೆಯ ಮೇಲೆ ಧಾರಣೆಯ ಫಲಕವಿದೆ, ದೇಶದ ಫಲಕವಿಲ್ಲ. ಹಣ್ಣಿಗೆ ಅಂಟಿಸಿದ ಚಿಕ್ಕ ಚೀಟಿಯ ನಾಲ್ಕು ಅಂಕೆಗಳು ಹಣ್ಣಿನ ಜಾತಿ-ಗಾತ್ರಗಳನ್ನು ಹೇಳುವವೇ ಹೊರತು ದೇಶವನ್ನಲ್ಲ. ಇದೇ ಬಗೆಯ ಇನ್ನೊಂದು ಭ್ರಮೆಯನ್ನು ಇಲ್ಲಿಯೇ ನಿವಾರಿಸುವದು ಯುಕ್ತ. ಪೊಟ್ಟಣದ ಗೆರೆಗಳ ಕೆಳಗಿನ ಅಂಕೆಯು 890ರಿಂದ ಆರಂಭವಾದರೆ ಸರಕು ಭಾರತದ್ದು, 690ರಿಂದ ಆರಂಭವಾದರೆ ಚೀನದ್ದು ಎಂಬ ಸಂದೇಶವು ಮೊಬಾಯಿಲುಗಳಲ್ಲಿ ವರ್ಷಕ್ಕೊಮ್ಮೆಯಾದರೂ ಜಾತ್ರೆಯಂತೆ ಬಂದು ಹೋಗುವದು. ಸುಶಿಕ್ಷಿತರೂ ಅದನ್ನು ದೇಶಸೇವೆಯೆಂದು ತಿಳಿದು ಮುಂದೆ ಕಳಿಸುವರು. ಆ ಅಂಕೆಯು ಹೇಳುವದು, ಮಾರುವ ಕಂಪನಿಯು ಯಾವ ದೇಶದ ಸಂಸ್ಥೆಯಲ್ಲಿ ತನ್ನ ಸಂಖ್ಯೆಯನ್ನು ನೋಂದಾಯಿಸಿದೆ ಎಂಬುದನ್ನು ಮಾತ್ರ. ಭಾರತದಲ್ಲಿ ನೋಂದಾಯಿಸಿದ ಕಂಪನಿಯು ಹೊರದೇಶದಲ್ಲಿ ತಯಾರಾದ ಬಿಸ್ಕೀಟಿಗೂ 890ನ್ನೇ ಹಾಕಬಹುದು. 1937ರ ಕಾಯದೆಯಿಂದ ಬಂದ ಅಗ್‌ಮಾರ್ಕ್ ಮುದ್ರೆಯು ದರ್ಜೆಯನ್ನು ಹೇಳುವದು, ಹದಿನಾಲ್ಕು ಅಂಕೆಯ ಪರವಾನಿಗೆಯು ಉದ್ಯಮಿಯನ್ನು ಹೇಳುವದು, ಹಸಿರು ಚುಕ್ಕೆಯು ಸಸ್ಯಾಹಾರವನ್ನು ಹೇಳುವದು. ಇಷ್ಟೆಲ್ಲ ಗುರುತುಗಳ ಗದ್ದಲದಲ್ಲಿ ನೆಲದ ಗುರುತೊಂದು ಕಾಣೆಯಾಗಿರುವದು.

ಇನ್ನು ಭಾಷೆಯ ಮಾತು. ಪೊಟ್ಟಣದ ಮೇಲಿನ ಕಡ್ಡಾಯದ ವಿವರಗಳು ದೇವನಾಗರಿಯ ಹಿಂದಿಯಲ್ಲಿ ಇಲ್ಲವೆ ಇಂಗ್ಲಿಷಿನಲ್ಲಿ ಇರತಕ್ಕದ್ದೆಂದು ಕೇಂದ್ರದ ನಿಯಮವಿರುವದು; ಇತರ ಭಾಷೆಯನ್ನು ಜೊತೆಗೆ ಬಳಸಲು ಅಡ್ಡಿಯಿಲ್ಲ, ಅಷ್ಟೆ. ಕನ್ನಡ ಭಾಷೆಯ ಸಮಗ್ರ ಅಭಿವೃದ್ಧಿಯ 2022ರ ಕಾಯದೆಯು ಕರ್ನಾಟಕದಲ್ಲಿ ತಯಾರಾಗುವ ಸರಕಿನ ಹೆಸರು ಮತ್ತು ಬಳಕೆಯ ಸೂಚನೆಗಳು ಕನ್ನಡದಲ್ಲಿಯೂ ಇರಬೇಕೆಂದು ವಿಧಿಸಿದ್ದು ಸ್ತುತ್ಯವೇ ಆಗಿದೆ. ಆದರೆ ಹೊರಗಿನಿಂದ ಬಂದ ಸರಕಿನ ಮೂಲದೇಶದ ಸಾಲಿಗೆ ಅದರ ಕೈ ಮುಟ್ಟುವದಿಲ್ಲ. ಆದುದರಿಂದ, ದೇಶದ ಹೆಸರನ್ನು ಪ್ರಾಮಾಣಿಕವಾಗಿ ಮುದ್ರಿಸಿದ ಕಡೆಗೂ ಕನ್ನಡ ಶಾಲೆಯಲ್ಲಿ ಓದಿದ ಹಳೇ ಹುಬ್ಬಳ್ಳಿಯ ತಾಯಿಗೆ ಅದು ಮುಚ್ಚಿಟ್ಟ ಗಂಟೇ ಸರಿ.

ಸರಕಿನ ಮೇಲಿನ ಹೆಸರಿಗೆ ಎಷ್ಟು ಬಲವಿರುವದೆಂಬುದಕ್ಕೆ ಹಿಂದಿನ ಎರಡು ಪ್ರಸಂಗಗಳನ್ನು ಹೇಳುವೆವು. 1887ರಲ್ಲಿ ಬ್ರಿಟಿಶರ ಪಾರ್ಲಿಮೆಂಟು ಸರಕಿನ ಗುರುತುಗಳ ಕಾಯದೆಯೊಂದನ್ನು ಮಾಡಿತು. ಇಂಗ್ಲಿಷ್ ಹೆಸರಿನಲ್ಲಿ ನುಸುಳುತ್ತಿದ್ದ ಜರ್ಮನಿಯ ಚಾಕು-ಕತ್ತರಿಗಳಿಗೆ ಅವುಗಳ ದೇಶದ ಮುದ್ರೆ ಹೊಡೆದು ನಾಚಿಸಬೇಕೆಂಬುದು ಅದರ ಉದ್ದೇಶ. ಆದದ್ದೇನು? ಜರ್ಮನಿಯವರು ತಮ್ಮ ಕೆಲಸವನ್ನು ತಿದ್ದಿಕೊಂಡರು. ಕೆಲವು ವರ್ಷಗಳಲ್ಲಿ ಆ ಮುದ್ರೆಯೇ ಗಟ್ಟಿ ಸರಕಿನ ಖಾತ್ರಿಯಾಗಿ ನಿಂತಿತು. ಎರಡನೆಯದು ನಮ್ಮ ಮನೆಯದೇ. ಸ್ವಾತಂತ್ರ್ಯದ ಚಳವಳಿಯಲ್ಲಿ ಖಾದಿಗೆ ಮಾನ ಬಂದೊಡನೆ ಗಿರಣಿಯ ಬಟ್ಟೆ, ಜಪಾನಿನ ಬಟ್ಟೆಗಳೂ ಖಾದಿಯ ವೇಷ ತೊಟ್ಟು ಪೇಟೆಗೆ ಇಳಿದವು. ಕೊನೆಗೆ 1934ರಲ್ಲಿ, ಖಾದಿಯನ್ನು ಕಂಡರೆ ಉರಿದೇಳುತ್ತಿದ್ದ ಪರಸರಕಾರವೇ ಖಾದಿಯ ಹೆಸರನ್ನು ಕಾಯುವ ಕಾಯದೆಯನ್ನು ಮಾಡಬೇಕಾಯಿತು. ಭಾರತದಲ್ಲಿ ಕೈಯಿಂದ ನೂತ ನೂಲನ್ನು ಭಾರತದಲ್ಲಿಯೇ ಕೈಮಗ್ಗದಲ್ಲಿ ನೇಯ್ದ ಬಟ್ಟೆಗೆ ಮಾತ್ರ ಆ ಹೆಸರು ಸಲ್ಲುವದೆಂದು ಅದು ಹೇಳಿತು. ಈ ವ್ಯಾಖ್ಯೆಯನ್ನು ವಾಚಕರು ಲಕ್ಷ್ಯಗೊಟ್ಟು ನೋಡಬೇಕು. ಬಟ್ಟೆಯನ್ನು ಎಲ್ಲಿ ಕತ್ತರಿಸಿ ಮಡಚಿದರೆಂದು ಅದು ಕೇಳಲಿಲ್ಲ. ನೂಲಿನ ವರೆಗೆ ಹಿಂದಕ್ಕೆ ಹೋಯಿತು. ತೊಂಬತ್ತು ವರ್ಷಗಳ ಹಿಂದೆ ನೂಲಿನ ವಿಷಯದಲ್ಲಿ ಸಾಧ್ಯವಾದದ್ದು ಇಂದು ಎಣ್ಣೆಯ ವಿಷಯದಲ್ಲಿ ಅಸಾಧ್ಯವೆಂದರೆ ನಂಬುವದು ಹೇಗೆ?

ನಮ್ಮೂರಲ್ಲಿಯೇ ಅದಕ್ಕೆ ಸಾಕ್ಷಿಯಿದೆ. 1957ರಲ್ಲಿ ಸ್ಥಾಪಿತವಾದ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜವು ತಯಾರಾಗುವದು. ಗರಗದ ಹೆಣ್ಣುಮಕ್ಕಳು ನೂತು ನೇಯ್ದ ಖಾದಿಯ ಹೆಸರು ಧ್ವಜದೊಡನೆ ಹೆಣೆದುಕೊಂಡಿರುವದು. ಧ್ವಜದ ನೂಲು, ನೇಯ್ಗೆ, ಬಣ್ಣ, ಹೊಲಿಗೆ, ಹಗ್ಗಗಳೆಲ್ಲಕ್ಕೂ ಅಳತೆಯುಂಟು, ಪರೀಕ್ಷೆಯುಂಟು. 2021ರ ಡಿಸೆಂಬರ 30ರಂದು ಧ್ವಜಸಂಹಿತೆಯನ್ನು ತಿದ್ದಿ ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಅನುಮತಿಯನ್ನು ಕೊಟ್ಟಾಗ ಬೆಂಗೇರಿಯವರು ಪ್ರತಿಭಟಿಸಿದ್ದು ಸುಮ್ಮನೆ ಅಲ್ಲ. ನೂಲಿನ ಮೂಲವನ್ನು ಕೇಳುವವರೇ ಇಲ್ಲವಾದರೆ ನೂಲುವವಳ ಗತಿಯೇನಾಗುವದೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಾರು?

ವ್ಯಾಪಾರಸ್ಥರು ಹೇಳುವ ಅಡಚಣಿಗಳನ್ನೂ ನಾವು ಕೇಳಿದ್ದೇವೆ. ಒಂದೇ ಕೊಳಾಯಿಯಲ್ಲಿ ನಾಲ್ಕು ದೇಶಗಳ ಎಣ್ಣೆ ಕೂಡಿರುವದು, ಹಡಗಿನಿಂದ ಹಡಗಿಗೆ ಮೂಲವು ಬದಲಾಗುವದು, ಪ್ರತಿಸಲ ಹೊಸ ಪಾಕೀಟನ್ನು ಅಚ್ಚು ಹಾಕಿಸುವದು ಆಗದ ಮಾತು ಎನ್ನುತ್ತಾರೆ. ಮೊದಲನೆಯ ಮಾತು ನಿಜ. ಕೊನೆಯದು ಪೂರ್ತಿ ನಿಜವಲ್ಲ. ಬೆಲೆಯನ್ನೂ ತಾರೀಖನ್ನೂ ಗಟ್ಟಿಯಾಗಿ ಅಚ್ಚು ಹಾಕಿದ ಪಾಕೀಟುಗಳು ಈಗ ಎಲ್ಲಿವೆ? ತುಂಬುವ ಹೊತ್ತಿಗೆ ಯಂತ್ರವು ಮಸಿಯಿಂದ ಸಿಡಿಸಿ ಬರೆಯುವದು. ಅದೇ ಯಂತ್ರವು ಅದೇ ಸಾಲಿನಲ್ಲಿ ದೇಶದ ಹೆಸರನ್ನೂ ಬರೆಯಬಹುದು. ಆಸ್ಟ್ರೇಲಿಯದಲ್ಲಿ 2018ರ ಜುಲೈ 1ರಿಂದ, ಅಲ್ಲಿಯೇ ತಯಾರಾದ ಹೆಚ್ಚಿನ ಆಹಾರಗಳ ಮೇಲೆ ಒಳಗಿನ ಪದಾರ್ಥದಲ್ಲಿ ಪ್ರತಿಶತ ಎಷ್ಟು ಸ್ವದೇಶದ್ದೆಂಬುದನ್ನು ಒಂದು ಪಟ್ಟಿಯ ಚಿತ್ರದಿಂದ ತೋರಿಸುವದು ಕಡ್ಡಾಯವಾಗಿದೆ. ಓದಲು ಬಾರದವನಿಗೂ ಅದು ತಿಳಿಯುವದು. ಬೆರಕೆಯ ಜೇನುತುಪ್ಪದಲ್ಲಿ ಯಾವ ಯಾವ ದೇಶದ್ದು ಎಷ್ಟೆಷ್ಟು ಎಂಬುದನ್ನು ಬರೆಯಬೇಕೆಂದು ಯುರೋಪಿನ ಒಕ್ಕೂಟವು 2024ರಲ್ಲಿ ನಿರ್ಣಯಿಸಿ, 2026ರ ಜೂನ ತಿಂಗಳನ್ನು ಅದರ ಜಾರಿಗೆ ಗೊತ್ತುಪಡಿಸಿತು. ಬಿಡಿ ಹಣ್ಣು-ತರಕಾರಿಗಳ ಬುಟ್ಟಿಯ ಹತ್ತಿರ ದೇಶದ ಹೆಸರನ್ನು ಹಾಕುವದು ಅಲ್ಲಿಯೂ ಅಮೇರಿಕೆಯಲ್ಲಿಯೂ ರೂಢಿಯ ನಿಯಮ.

ಅಮೇರಿಕೆಯ ಉದಾಹರಣೆಯಲ್ಲಿ ಒಂದು ಮುಳ್ಳೂ ಇರುವದು, ಅದನ್ನು ಮರೆಮಾಡಲಾರೆವು. ಅಲ್ಲಿ ದನ, ಹಂದಿಗಳ ಮಾಂಸದ ಮೇಲೆ ದೇಶದ ಹೆಸರನ್ನು ಕಡ್ಡಾಯ ಮಾಡಿದ್ದನ್ನು ಕೆನಡ, ಮೆಕ್ಸಿಕೋಗಳು ಜಾಗತಿಕ ವ್ಯಾಪಾರ ಸಂಸ್ಥೆಯ ಮುಂದೆ ಒಯ್ದು ಗೆದ್ದವು. 2015ರ ಡಿಸೆಂಬರದಲ್ಲಿ ಆ ನಿಯಮವನ್ನು ಅಮೇರಿಕೆಯು ಹಿಂತೆಗೆದುಕೊಂಡಿತು. ಇಂಥ ನಿಯಮವನ್ನು ಪರರನ್ನು ಹೊಡೆಯುವ ಬಡಿಗೆಯಾಗಿ ಮಾಡಹೋದರೆ ಅದು ಮುರಿಯುವದುಂಟು. ಆದುದರಿಂದ ನಮ್ಮ ಬೇಡಿಕೆಯು ಬಹಿಷ್ಕಾರದ್ದಲ್ಲ. ಹೊರಗಿನ ಎಣ್ಣೆಯು ನಾಳೆಯೇ ನಿಂತರೆ ನಮ್ಮ ಒಲೆಗಳು ಅರ್ಧ ಆರುವವೆಂಬುದನ್ನು ನಾವು ಬಲ್ಲೆವು. ಮೊಝಾಂಬಿಕದ ಒಕ್ಕಲಿಗನೂ ನಮ್ಮವನಂತೆಯೇ ಬೆವರು ಸುರಿಸಿದವನು. ಅವನ ತೊಗರಿಯು ಅವನ ದೇಶದ ಹೆಸರಿನಿಂದಲೇ ಮಾರಲಿ, ಅದರಿಂದ ಅವನಿಗೂ ಮಾನ. ನಾವು ಕೇಳುವದು ಇಷ್ಟೇ: ಎಣ್ಣೆ, ಬೇಳೆ, ಹಿಟ್ಟುಗಳ ಮಟ್ಟಿಗಾದರೂ ಮೂಲದೇಶವೆಂದರೆ ಕಾಳು ಬೆಳೆದ ದೇಶವೆಂದು ದಿಲ್ಲಿಯ ಸರಕಾರವು ನಿಯಮವನ್ನು ತಿದ್ದಲಿ, ಆ ಸಾಲು ಮಾರಾಟದ ಪ್ರಾಂತದ ಭಾಷೆಯಲ್ಲಿಯೂ ಇರಲಿ. ದಿಲ್ಲಿಯು ತಡಮಾಡುವಷ್ಟು ದಿನ ಅವಳಿ ನಗರದ ದೊಡ್ಡ ಅಂಗಡಿಗಳು, ಧಾರಣೆಯ ಫಲಕವನ್ನು ಬರೆಯುವ ಕೈಯಿಂದಲೇ, ಬಿಡಿ ಕಾಳು-ಹಣ್ಣುಗಳ ಮುಂದೆ ಊರಿನ ಇಲ್ಲವೆ ದೇಶದ ಹೆಸರನ್ನು ಬರೆಯಲಿ. ಇದಕ್ಕೆ ಯಾವ ಕಾಯದೆಯೂ ಬೇಕಾಗಿಲ್ಲ, ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆಯ ಹಿರಿಯರು ಒಂದು ಸಭೆ ಕೂಡಿಸಿದರೆ ಸಾಕು.

ಅಂಗಡಿಯಿಂದ ಹೊರಬಿದ್ದು ಬರುವಾಗ ರಸ್ತೆಯ ಬದಿಯ ತಳ್ಳುಗಾಡಿಯವನ ಹತ್ತಿರ ಸೇಬುಗಳನ್ನು ಕಂಡು, ಎಲ್ಲಿಯವೆಂದು ಕೇಳಿದೆವು. ಅವನು ಬಗ್ಗಿ, ಗಾಡಿಯ ಕೆಳಗೆ ಮಡಚಿಟ್ಟಿದ್ದ ರಟ್ಟಿನ ಪೆಟ್ಟಿಗೆಯನ್ನು ಎಳೆದು, "ಟರ್ಕೀವು ನೋಡ್ರಿ, ಇಲ್ಲೇ ಬರದಾರ" ಎಂದು ತೋರಿಸಿದನು. "ಈ ಕಡೆ ಬುಟ್ಟ್ಯಾಗಿನೂ ಹಿಮಾಚಲದೂ. ಸಣ್ಣ ಅದಾವ, ಆದ್ರ ರುಚಿ ಅದಾವ. ಯಾವ್ ಕೊಡ್ಲಿ?"